ದೆಹಲಿಗೆ ಹೊರಟಿರೋ ಪುಟ್ಟಿಗೆ: ಬ್ಯಾಟರಿ, ಬ್ಯಾಗು, ಲೈವು

ಅಕ್ಕ, ನಿನ್ನ ಮೆಸೇಜು ಕೇಳಿಸ್ಕೊಂಡೆ. ಪುಟ್ಟಿ ಗುರುವಾರ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಸಭೆಯ ಟಿವಿ ವರದಿಗೆ ದೆಹಲಿಗೆ ಹೋಗ್ತಿದ್ದಾಳೆ, ಮೊದಲ್ನೇ ಸಲ ವಿಮಾನ, ಕ್ಯಾಮೆರಾಮ್ಯಾನ್ ಒಬ್ರು ಜೊತೆಗಿದ್ದಾರೆ, ಸಾಮಾನು ಯಾವ್ದು ಎಲ್ಲಿಡಬೇಕು, ಕೊಬ್ಬರಿ, ಉಪ್ಪಿನಕಾಯಿ ಕಳಿಸಬಹುದಾ ಅಂತ ಕೇಳಿದ್ದೀಯ. ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡ. ಪುಟ್ಟಿ, ನೀನು ಇದನ್ನ ಎರಡು ಸಲ ಕೇಳವ್ವ.

ಎಲ್ಲಕ್ಕಿಂತ ಮೊದಲು ಒಂದು ಮಾತು ತಲೇಲಿಟ್ಕೊ. ಕೆಳಗೆ ಹಾಕಿದ ಬ್ಯಾಗು ದೆಹಲೀಲಿ ಬರದೇ ಹೋದ್ರೂ, ಕೈಯಲ್ಲಿರೋ ಬ್ಯಾಗಿನಿಂದಲೇ ನೀನು ಒಂದು ಲೈವ್ ಕೊಡೋ ಹಾಗಿರಬೇಕು. ಅಂದ್ರೆ ಹ್ಯಾಂಡ್ ಬ್ಯಾಗಲ್ಲಿ ಎರಡು ಬೇರೆ ಬೇರೆ ಕಂಪನಿ ಸಿಮ್ ಇರೋ ಫೋನು, ಫೋನಿಗೆ ಹಾಕೋ ಕಾಲರ್ ಮೈಕು, ವೈರ್ ಇರೋ ಇಯರ್‌ಫೋನು, 20,000 ಎಂಎಎಚ್ ಪವರ್ ಬ್ಯಾಂಕು, ಚಾನೆಲ್ ಲೋಗೋ, ಒಂದು ಜೊತೆ ಬಟ್ಟೆ. ಬ್ಲೂಟೂತ್ ಇಯರ್‌ಫೋನ್ ನಂಬ್ಕೊಂಡು ಹೋಗ್ಬೇಡ. ಲೈವ್ ಮಧ್ಯೆ ಅದರ ಚಾರ್ಜ್ ಮುಗಿದ್ರೆ ಸ್ಟುಡಿಯೋ ಕೇಳೋ ಪ್ರಶ್ನೆ ನಿನ್ನ ಕಿವಿಗೆ ಬೀಳೋದೇ ಇಲ್ಲ.

ಈಗ ಬ್ಯಾಟರಿ. ಏರ್‌ಪೋರ್ಟಲ್ಲಿ ಟಿವಿಯವರು ಜಾಸ್ತಿ ಸಿಕ್ಕಿ ಬೀಳೋದು ಇದರಲ್ಲೇ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕು, ಇವು ಯಾವತ್ತೂ ಚೆಕ್-ಇನ್ ಬ್ಯಾಗಿಗೆ ಹಾಕೋ ಹಾಗಿಲ್ಲ, ಕೈಯಲ್ಲೇ ಇರಬೇಕು. ಅಳತೆ ನೋಡೋದು ವ್ಯಾಟ್-ಅವರ್‌ನಲ್ಲಿ. 100 ವ್ಯಾಟ್-ಅವರ್ ತನಕ ಯಾರನ್ನೂ ಕೇಳೋದು ಬೇಡ. 100ರಿಂದ 160ರ ತನಕ ಇದ್ರೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ತಲೆಗೆ ಎರಡೇ. 160 ದಾಟಿದ್ದು ಪ್ರಯಾಣಿಕರ ವಿಮಾನಕ್ಕೇ ಇಲ್ಲ. ಲೆಕ್ಕ ಸುಲಭ, ವೋಲ್ಟು ಗುಣಿಸು ಆಂಪಿಯರ್-ಅವರ್. ಕ್ಯಾಮೆರಾ ಬೆನ್ನಿಗೆ ಹಾಕೋ ವಿ-ಮೌಂಟ್ ಬ್ಯಾಟರಿ ಮೇಲೆ 14.8 ವೋಲ್ಟು, 6.6 ಆಂಪಿಯರ್-ಅವರ್ ಅಂತಿದ್ರೆ 97.7 ಬರ್ತದೆ. ಅದನ್ನೇ 98 ಅಂತ ಅಚ್ಚು ಹಾಕಿರ್ತಾರೆ, ವಿಮಾನಕ್ಕೆ ಹೋಗ್ಲಿ ಅಂತಲೇ ಆ ಅಳತೆ. 14.4 ವೋಲ್ಟು, 10 ಆಂಪಿಯರ್-ಅವರ್ ಇದ್ರೆ 144, ಒಪ್ಪಿಗೆ ಪತ್ರ ಬೇಕು. ಅದೇ ವೋಲ್ಟಲ್ಲಿ 13.2 ಆಂಪಿಯರ್-ಅವರ್ ಇರೋದು 190, ಅದನ್ನ ಆಫೀಸಲ್ಲೇ ಬಿಟ್ಟು ಹೋಗಿ. ಪವರ್ ಬ್ಯಾಂಕಿಗೆ ಎಂಎಎಚ್‌ನ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸು: 20,000 ಎಂಎಎಚ್ ಅಂದ್ರೆ 74, 27,000 ಅಂದ್ರೆ 99.9, 30,000 ಅಂದ್ರೆ 111.

ಅಂಕಿ ಗೊತ್ತಿದ್ರೆ ಸಾಲದು, ಬ್ಯಾಟರಿ ಮೇಲೆ ಅದು ಕಾಣಬೇಕು. ಫೀಲ್ಡಲ್ಲಿ ಉಜ್ಜಿ ಉಜ್ಜಿ ಸ್ಟಿಕ್ಕರ್ ಅಳಿಸಿರೋ ಬ್ಯಾಟರೀನ ಏರ್‌ಪೋರ್ಟ್ ಕಾವಲಿನ ಸಿಐಎಸ್‌ಎಫ್‌ನವರು ಪಕ್ಕಕ್ಕಿಟ್ರೆ ನಿನ್ನ ಹತ್ರ ಉತ್ತರ ಇರಲ್ಲ. ಬುಧವಾರ ರಾತ್ರೀನೇ ಒಂದೊಂದೂ ತಿರುಗಿಸಿ ನೋಡು. ಹಿತ್ತಾಳೆ ಬಣ್ಣದ ಕಾಂಟ್ಯಾಕ್ಟ್ ಪಟ್ಟಿ ಕಾಣ್ತದಲ್ಲ, ಅದಕ್ಕೆ ಮುಚ್ಚಳ ಹಾಕು, ಇಲ್ಲಾಂದ್ರೆ ಇನ್ಸುಲೇಷನ್ ಟೇಪ್ ಸುತ್ತು. ಪಕ್ಕದಲ್ಲಿ ಲೈಟ್ ವೈರ್ ಚುಚ್ಚೋ ತೂತು ಇರ್ತದೆ, ಅದಕ್ಕೂ ಸುತ್ತು. ಬೀಗದ ಕೈಯೋ ಐದು ರೂಪಾಯಿ ನಾಣ್ಯವೋ ಎರಡು ಕಾಂಟ್ಯಾಕ್ಟಿಗೂ ತಾಗಿದ್ರೆ ಶಾರ್ಟ್ ಆಗಿ ಕಾಯ್ತದೆ. ಒಂದು ಸೆಲ್ ಹತ್ಕೊಂಡ್ರೆ ಪಕ್ಕದ್ದಕ್ಕೂ ಹಬ್ಬುತ್ತೆ. ಕ್ಯಾಬಿನ್ನಲ್ಲಾದ್ರೆ ಸಿಬ್ಬಂದಿ ಕಣ್ಣಿಗೆ ಬಿದ್ದು ನೀರು ಹಾಕಿ ತಣಿಸ್ತಾರೆ. ಕೆಳಗಿನ ಕಾರ್ಗೋದಲ್ಲಿ ಬೆಂಕಿ ಅಡಗಿಸೋ ಅನಿಲ ಬಿಡ್ತದೆ, ಆದ್ರೆ ಲಿಥಿಯಂ ಒಳಗಿನ ಕಾವು ಅದರಿಂದ ಇಳಿಯಲ್ಲ. ಅದಕ್ಕೇ ಈ ನಿಯಮ. ಜನವರಿ 2025ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಿಲ್ದಾಣದಲ್ಲೇ ನಿಂತಿದ್ದ ಏರ್‌ಬಸ್ ವಿಮಾನ ಸುಟ್ಟು ಹೋಯ್ತಲ್ಲ, ಬೆಂಕಿ ಶುರುವಾಗಿದ್ದು ತಲೆ ಮೇಲಿನ ಲಗೇಜ್ ಡಬ್ಬದಲ್ಲಿ, ಪವರ್ ಬ್ಯಾಂಕಿಂದ ಇರಬಹುದು ಅಂತ ತನಿಖೆಯವರು ಹೇಳಿದ್ರು. ಹಾಗಾಗಿ ಪವರ್ ಬ್ಯಾಂಕನ್ನ ಮೇಲೆ ತುರುಕಬೇಡ, ಕಾಲ ಹತ್ರ ಕಣ್ಣಿಗೆ ಕಾಣೋ ಹಾಗಿಟ್ಕೊ. ವಿಮಾನ ಹಾರೋವಾಗ ಅದರಿಂದ ಫೋನ್ ಚಾರ್ಜೂ ಮಾಡ್ಬೇಡ.

ಎಷ್ಟು ಬ್ಯಾಟರಿ ಬೇಕು ಅಂದ್ರೆ, ಭುಜದ ಮೇಲಿಡೋ ಕ್ಯಾಮೆರಾ ಗಂಟೆಗೆ 25 ವ್ಯಾಟ್-ಅವರ್ ಎಳೀತದೆ ಅಂತಿಟ್ಕೊ. 98ರದ್ದು ಕಾಗದದ ಲೆಕ್ಕದಲ್ಲಿ ನಾಲ್ಕು ಗಂಟೆ ಹತ್ತಿರ. ಹಳೇ ಬ್ಯಾಟರಿ, ದೆಹಲಿ ಚಳಿ, ಮೇಲೊಂದು ಲೈಟು, ಇಷ್ಟೆಲ್ಲ ಸೇರಿದ್ರೆ ಮೂರಕ್ಕಿಂತ ಜಾಸ್ತಿ ನಂಬಬೇಡ. ಪ್ರಾಧಿಕಾರದ ಸಭೆ ಅಂದ್ರೆ ಬೆಳಿಗ್ಗೆಯಿಂದ ಸಂಜೆ ತನಕ ಬಾಗಿಲಲ್ಲಿ ನಿಂತಿರೋದು. ನಾಲ್ಕು ತಗೊಂಡು ಹೋಗಿ, ಇಬ್ರೂ ಎರಡೆರಡು ಹಂಚ್ಕೊಳ್ಳಿ.

ಲೈವ್ ಯೂನಿಟ್ ಬ್ಯಾಗು, ಐದಾರು ಸಿಮ್ ಒಟ್ಟುಗೂಡಿಸಿ ಚಿತ್ರ ಕಳಿಸೋದು, ಅದೂ ಕೈಯಲ್ಲೇ. ಅದರೊಳಗೂ ಬ್ಯಾಟರಿ ಇದೆ. ವಿಮಾನ ಹತ್ತೋ ಮೊದಲು ಪೂರ್ತಿ ಆಫ್ ಮಾಡಿ. ಸ್ಟ್ಯಾಂಡ್‌ಬೈಲಿ ಬಿಟ್ರೆ ಒಳಗಿನ ಮೋಡೆಮ್ಮೆಲ್ಲ ಟವರ್ ಹುಡುಕ್ತಾನೇ ಇರ್ತವೆ, ಇಳಿಯೋ ಹೊತ್ತಿಗೆ ಚಾರ್ಜು ಖಾಲಿ. ಸೆಕ್ಯೂರಿಟೀಲಿ ಕ್ಯಾಮೆರಾ, ಲ್ಯಾಪ್‌ಟಾಪು, ಬ್ಯಾಟರಿ, ಚಾರ್ಜರು ಎಲ್ಲ ತಟ್ಟೆಗೆ ಬಿಡಿಬಿಡಿಯಾಗಿ ಹಾಕಬೇಕು. ಕ್ಯಾಮೆರಾ ಆನ್ ಮಾಡಿ ತೋರ್ಸಿ ಅಂತ ಕೇಳಬಹುದು, ಅದಕ್ಕೆ ಒಂದು ಬ್ಯಾಟರಿ ಚಾರ್ಜಲ್ಲಿರಲಿ. ಆಫೀಸ್ ಲೆಟರ್‌ಹೆಡ್ಡಲ್ಲಿ ಕ್ಯಾಮೆರಾ, ಲೆನ್ಸು, ಯೂನಿಟ್ಟಿನ ಸೀರಿಯಲ್ ನಂಬರ್ ಬರ್ಸಿಟ್ಕೊಳ್ಳಿ. ಮೆಮೊರಿ ಕಾರ್ಡಿಗೆ ಎಕ್ಸ್-ರೇಯಿಂದ ಏನೂ ಆಗಲ್ಲ, ಆ ಭಯ ರೀಲ್ ಕಾಲದ್ದು.

ತೂಕದ ವಿಷ್ಯ, ದೇಶದೊಳಗೆ ಹೆಚ್ಚಿನ ಟಿಕೆಟ್ಟಿಗೆ ಕೈಚೀಲ 7 ಕೆಜಿ, ಕೆಳಗೆ ಹಾಕೋದು 15 ಕೆಜಿ. ಟ್ರೈಪಾಡ್ ಒಂದೇ ಅದರಲ್ಲಿ ಅರ್ಧ ತಿಂದು ಹಾಕ್ತದೆ, ಆಫೀಸಿಂದ ಹೆಚ್ಚುವರಿ ಲಗೇಜ್ ಮುಂಚೇನೇ ಬುಕ್ ಮಾಡ್ಸಿ. ಕೌಂಟರಲ್ಲಿ ಕಟ್ಟಿದ್ರೆ ದರ ಜಾಸ್ತಿ. ಟ್ರೈಪಾಡ್ ಚೆಕ್-ಇನ್‌ಗೇ ಹೋಗಲಿ. ಅದರ ತಲೆ ಇದೆಯಲ್ಲ, ಬಿಗಿ ತಿರುಪು ಸಡಿಲ ಮಾಡಿ, ಲಾಕ್ ತೆಗೆದು ಹಾಕಿ. ಬಿಗಿಯಾಗಿಟ್ಟು ಎಸೆದಾಗ ಒಳಗಿನ ಭಾಗಕ್ಕೆ ಪೆಟ್ಟಾಗಿ, ಪ್ಯಾನ್ ಮಾಡುವಾಗ ಜಗ್ಗಿ ಜಗ್ಗಿ ತಿರುಗ್ತದೆ. ಇನ್ನೊಂದು, ಕ್ಯಾಮೆರಾ ಕೂರಿಸೋ ಪ್ಲೇಟು ಟ್ರೈಪಾಡ್ ಜೊತೆಲೇ ಹೋಗ್ಬೇಕಾ, ಕ್ಯಾಮೆರಾ ಜೊತೆ ಇರ್ಬೇಕಾ ಅಂತ ಮೊದಲೇ ತೀರ್ಮಾನ ಮಾಡಿ. ಕ್ಯಾಮೆರಾಗೆ ತಿರುಪು ಹಾಕಿ ಬಿಡೋದೇ ಒಳ್ಳೇದು. ಎಷ್ಟೋ ಜನ ಟ್ರೈಪಾಡ್ ಹೊತ್ಕೊಂಡು ಹೋಗಿ ಪ್ಲೇಟ್ ಮನೇಲಿ ಮರ್ತಿರ್ತಾರೆ. ಸ್ಕ್ರೂಡ್ರೈವರ್, ಕತ್ತರಿ, ದಪ್ಪ ಟೇಪು ಕೆಳಗಿನ ಬ್ಯಾಗಿಗೆ.

ಅಕ್ಕ, ಈಗ ನಿಂದು. ಒಣ ಕೊಬ್ಬರಿ ಕಳಿಸ್ಬೇಡ. ಅದು ಎಣ್ಣೆ ಬಿಟ್ಟು ತಾನೇ ಕಾದು ಹೊತ್ಕೊಳ್ಳೋ ವಸ್ತು ಅಂತ ಅಪಾಯಕಾರಿ ಪಟ್ಟೀಲಿ ಇದೆ, 2022ರಿಂದ ಇಲ್ಲಿ ಚೆಕ್-ಇನ್‌ಗೂ ಬಿಡಲ್ಲ. ಬ್ಯಾಗು ಎಕ್ಸ್-ರೇಲಿ ಸಿಕ್ಕಿದ್ರೆ ಪುಟ್ಟೀನ ಕೂಗಿ ಕರೆದು ತೆಗೆಸ್ತಾರೆ, ಆ ಹೊತ್ತಲ್ಲಿ ಅವಳು ಗೇಟ್ ಹತ್ರ ಫೀಡ್, ಅಂದ್ರೆ ತೆಗೆದ ಚಿತ್ರಗಳನ್ನ, ಆಫೀಸಿಗೆ ಕಳಿಸ್ತಾ ಇರ್ತಾಳೆ. ಉಪ್ಪಿನಕಾಯಿ, ಖಾರದ ಪುಡಿ, ಚಟ್ನಿಪುಡಿ ಕೆಳಗಿನ ಬ್ಯಾಗಲ್ಲಿ ಹೋಗಲಿ, ಜಾಡಿ ಬೇಡ, ಎರಡು ಕವರಿಗೆ ಕಟ್ಟು. ಮೈಸೂರ್ ಪಾಕ್ ಕೈಯಲ್ಲೇ ಹೋಗ್ತದೆ.

ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿಂದ ಯಾಕೆ ಹೋಗಬಾರದು ಅಂತ ಭಾವ ಕೇಳಿದ್ರಲ್ಲ. ಅಲ್ಲಿನ ರನ್‌ವೇ 1,740 ಮೀಟರು, ರೆಕ್ಕೆ ಮುಂದೆ ಫ್ಯಾನ್ ತಿರುಗೋ ಎಟಿಆರ್ ಬರ್ತದೆ, ದೆಹಲಿಗೆ ಹೋಗೋ ದೊಡ್ಡ ವಿಮಾನಕ್ಕೆ ಸಾಲಲ್ಲ. ಮುಂದೆ ಯಾವತ್ತಾದ್ರೂ ಅಲ್ಲಿಂದ ಹೈದರಾಬಾದಿಗೋ ಚೆನ್ನೈಗೋ ಹೋದ್ರೆ ನೆನಪಿಡು ಪುಟ್ಟಿ, ಎಟಿಆರ್‌ನಲ್ಲಿ ತಲೆ ಮೇಲಿನ ಡಬ್ಬ ಚಿಕ್ಕದು. ಮೆಟ್ಟಿಲ ಹತ್ರ ನಿನ್ನ ಕೈಬ್ಯಾಗು ಇಸ್ಕೊಂಡು ಕೆಳಗೆ ಹಾಕ್ತಾರೆ. ಕೊಡೋ ಮೊದಲು ಬ್ಯಾಟರಿ ಎಲ್ಲಾನೂ ಈಚೆ ತಗೊ. ಅದಕ್ಕೇ ಬ್ಯಾಟರಿಗೆಲ್ಲ ಒಂದೇ ಬೇರೆ ಚೀಲ ಇರಲಿ, ಒಂದೇ ಎಳೆತಕ್ಕೆ ಬರ್ಬೇಕು.

ಗುರುವಾರ ಮಂಡ್ಯದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಹೊರಡೋ ಹೊತ್ತು ಲೆಕ್ಕ ಹಾಕುವಾಗ ಹೆದ್ದಾರಿ ನೋಡಿ ಮೋಸ ಹೋಗ್ಬೇಡಿ. ಕೆಂಗೇರಿ ತನಕ ಸುಯ್ ಅಂತ ಹೋಗ್ತೀರ, ಅಲ್ಲಿಂದಾಚೆಗೆ ಅಷ್ಟೇ ಹೊತ್ತು ಬೇಕು. ಬ್ಯಾಗ್ ಹಾಕೋ ಕೌಂಟರ್ ಸಾಮಾನ್ಯವಾಗಿ ವಿಮಾನಕ್ಕೆ 60 ನಿಮಿಷ ಮುಂಚೆ ಮುಚ್ತದೆ, ಗೇಟು 25 ನಿಮಿಷ ಮುಂಚೆ. ಹೆಚ್ಚುವರಿ ಲಗೇಜು, ಬ್ಯಾಟರಿ ವಿಚಾರಣೆ ಎಲ್ಲ ಸೇರಿ ಎರಡೂವರೆ ಗಂಟೆ ಮುಂಚೆ ಒಳಗಿರಿ. ಟರ್ಮಿನಲ್ 1ಓ 2ಓ ಟಿಕೆಟಲ್ಲಿ ನೋಡ್ಕೊಳ್ಳಿ.

ಏರ್‌ಪೋರ್ಟಲ್ಲಿ, ವಿಮಾನದಲ್ಲಿ ಕ್ಯಾಮೆರಾ ತೆಗೆಯೋ ವಿಚಾರ. ಸೆಕ್ಯೂರಿಟಿ ಜಾಗ, ವಿಮಾನ ನಿಂತಿರೋ ಅಂಗಳ, ಇವೆರಡರಲ್ಲಿ ಶೂಟಿಂಗ್ ಬೇಡ. ಸೀಟಲ್ಲಿ ಕೂತು ಕಿಟಕಿಯಾಚೆ ಫೋನಲ್ಲಿ ತೆಗೆದ್ರೆ ತಕರಾರಿಲ್ಲ. ಆದ್ರೆ ಅದೇ ವಿಮಾನದಲ್ಲಿ ಸಚಿವರು ಕೂತಿದ್ದಾರೆ ಅಂತ ಎದ್ದು ಹೋಗಿ ಮೈಕ್ ಹಿಡೀಬೇಡ. ಸೆಪ್ಟೆಂಬರ್ 2020ರಲ್ಲಿ ಚಂಡೀಗಢದಿಂದ ಮುಂಬೈಗೆ ಹೋಗ್ತಿದ್ದ ವಿಮಾನದಲ್ಲಿ ಒಬ್ಬ ನಟಿಯ ಸುತ್ತ ವರದಿಗಾರರು ಮುಗಿಬಿದ್ರು. ಒಂಬತ್ತು ಜನ ಪತ್ರಕರ್ತರಿಗೆ 15 ದಿನ ಹಾರಾಟ ಬಂದ್ ಆಯ್ತು, ನಿಯಮ ಮುರಿದ್ರೆ ಆ ಮಾರ್ಗದ ವಿಮಾನವನ್ನೇ ಎರಡು ವಾರ ನಿಲ್ಲಿಸ್ತೀವಿ ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ ಆದೇಶ ಹೊರಡಿಸ್ತು. ಸಚಿವರ ಬೈಟ್, ಅಂದ್ರೆ ಮೈಕಿಗೆ ಎರಡು ಮಾತು, ಬೇಕಾದ್ರೆ ಇಳಿದ ಮೇಲೆ ಆಗಮನದ ಬಾಗಿಲಾಚೆ ತಗೊ.

ಹಾರೋ ಎರಡೂಮುಕ್ಕಾಲು ಗಂಟೆ ನೆಟ್‌ವರ್ಕ್ ಇಲ್ಲ ಅಂತಲೇ ಇಟ್ಕೊ. ಹತ್ತೋ ಮೊದಲೇ ಫೀಡ್ ಕಳಿಸಿರು, ಕಾರ್ಡ್ ಖಾಲಿ ಮಾಡೋ ಮುಂಚೆ ಎರಡು ಕಡೆ ಕಾಪಿ ಇರಲಿ. 50 ಎಂಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 22 ಜಿಬಿ ತುಂಬ್ತದೆ, 64 ಜಿಬಿ ಕಾರ್ಡು ಮೂರು ಗಂಟೆಗೂ ಸಾಲಲ್ಲ. ಹಾರುವಾಗ ನಿನ್ನ ಅಂಕಿ ಅಂಶ ಕಾಗದದಲ್ಲಿ ಬರೆದಿಟ್ಕೊ, ಫೋನಲ್ಲಲ್ಲ. ಕೆಆರ್‌ಎಸ್ ಗರಿಷ್ಠ 124.80 ಅಡಿ, ತುಂಬಿದ್ರೆ 49.45 ಟಿಎಂಸಿ. 16 ಫೆಬ್ರವರಿ 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗಡಿಯಲ್ಲಿ ನೀರು ಅಳೆಯೋ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ, ನಮ್ಮ ಪಾಲು 284.75. ಒಂದು ಲೆಕ್ಕ ಬಾಯಿಪಾಠ ಮಾಡ್ಕೊ: 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದ್ರೆ ಒಂದು ಟಿಎಂಸಿ. ಕ್ಯೂಸೆಕ್ ಅಂದ್ರೆ ಹರಿಯೋ ವೇಗ, ಟಿಎಂಸಿ ಅಂದ್ರೆ ನಿಂತ ನೀರಿನ ಮೊತ್ತ. ಡೆಸ್ಕಿನವರು ಅವಸರದಲ್ಲಿ 5,000 ಟಿಎಂಸಿ ಬಿಡಿ ಅಂತ ಆದೇಶ ಅಂತ ಟಿವಿ ಪರದೆ ಕೆಳಗೆ ಪಟ್ಟಿ ಹಾಕಿಬಿಡ್ತಾರೆ. ನಮ್ಮೂರ ರೈತರು ಆ ಪಟ್ಟಿ ನೋಡಿ ಹೆದ್ದಾರಿಗೆ ಇಳೀತಾರೆ. ತಪ್ಪು ಕಂಡ ಕೂಡ್ಲೇ ಫೋನ್ ಮಾಡಿ ತಿದ್ದಿಸು, ಅದು ನಿನ್ನ ಕೆಲಸವೇ.

ಕಿವಿ ಬಗ್ಗೆ ನಿರ್ಲಕ್ಷ್ಯ ಬೇಡ. ಇಳಿಯೋಕೆ ಅರ್ಧ ಗಂಟೆ ಇರುವಾಗ ಒತ್ತಡ ಬದಲಾಗ್ತದೆ, ನಿದ್ದೆ ಮಾಡ್ಬೇಡ. ಶುಂಠಿ ಪೆಪ್ಪರಮೆಂಟು ಚೀಪು, ಎಂಜಲು ನುಂಗು, ಆಕಳಿಸು. ನೆಗಡಿ ಇದ್ರೆ ಮೊದಲೇ ಡಾಕ್ಟರ್ ಕೇಳು, ಕಿವಿ ಕಟ್ಕೊಂಡ್ರೆ ಇಯರ್‌ಫೋನಲ್ಲಿ ಸ್ಟುಡಿಯೋ ದನಿ ಗುಂಯ್ ಅಂತಷ್ಟೇ ಕೇಳೋದು. ಒಳಗಿನ ಗಾಳಿ ತುಂಬ ಒಣ, ಗಂಟಲು ಒರಟಾಗ್ತದೆ. ಕಾಫಿ ಬದಲು ನೀರು ಕುಡಿ.

ಬ್ಯಾಗು ಬರದಿದ್ರೆ ನಿಲ್ದಾಣ ಬಿಟ್ಟು ಈಚೆ ಬರೋ ಮೊದಲೇ ಅಲ್ಲಿನ ಕೌಂಟರಲ್ಲಿ ದೂರು ಬರ್ಸು, ಬೋರ್ಡಿಂಗ್ ಪಾಸಿಗೆ ಅಂಟಿಸಿರೋ ಟ್ಯಾಗ್ ಚೀಟಿ ಬಿಸಾಕಬೇಡ, ಬ್ಯಾಗಿನ ಫೋಟೊ ತೆಗೆದಿಟ್ಟಿರು.

ಲೈವಲ್ಲಿ ನಿನ್ನ ಚಿತ್ರ ಸ್ಟುಡಿಯೋ ಮುಟ್ಟೋಕೆ ಒಂದೆರಡು ಸೆಕೆಂಡಾದ್ರೂ ಹಿಡೀತದೆ. ಕಿವೀಲಿ ನಿನ್ನದೇ ದನಿ ತಡವಾಗಿ ವಾಪಸ್ ಕೇಳಿದ್ರೆ ಮಾತು ತೊದಲ್ತದೆ, ಲೈವ್ ಶುರುವಾಗೋ ಮೊದಲೇ ಪಿಸಿಆರ್‌ಗೆ, ಅಂದ್ರೆ ಸ್ಟುಡಿಯೋ ಕಂಟ್ರೋಲ್ ರೂಮಿಗೆ ಹೇಳಿ ನಿನ್ನ ದನಿ ತೆಗೆಸು. ಸಭೆ ಮುಗಿಯೋ ಹೊತ್ತಿಗೆ ಎಲ್ಲ ಚಾನೆಲ್ಲಿನ ಯೂನಿಟ್ಟೂ ಒಂದೇ ಟವರ್ ಮೇಲೆ ಬೀಳ್ತವೆ, ಜಂಬೂಸವಾರಿ ದಿನ ಅರಮನೆ ಮುಂದೆ ಆಗೋ ಹಾಗೇನೇ. ಹತ್ತು ನಿಮಿಷ ಮುಂಚೇನೇ ಲೈನ್ ಹಿಡಿದಿಟ್ಕೊ. ಆಗದಿದ್ರೆ ‘ಫೋನೋ’, ಅಂದ್ರೆ ಫೋನಲ್ಲಿ ಬರೀ ದನಿ ಕೊಡು, ಚಿತ್ರ ಆಮೇಲೆ ಹೋಗ್ಲಿ.

ಅಕ್ಕ, ಅವ್ವಂಗೂ ಹೇಳು, ಟಿವೀಲಿ ಪುಟ್ಟಿ ಕಂಡ ಕೂಡ್ಲೇ ಖುಷೀಲಿ ಫೋನ್ ಮಾಡ್ಬೇಡಿ. ಫೋನಿಂದಲೇ ಲೈವ್ ಕೊಡ್ತಿದ್ರೆ ಕರೆ ಬಂದ ತಕ್ಷಣ ಕಿವಿಯ ದನಿ ಕಡಿದು ಹೋಗ್ತದೆ, ಕೆಲವೊಂದ್ಸಲ ಚಿತ್ರಾನೂ ನಿಲ್ತದೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಮೆಸೇಜೇ ಹಾಕಿ, ಊಟ ಆಯ್ತಾ ಅಂತ ಮಧ್ಯಾಹ್ನದ ಬುಲೆಟಿನ್ ಮುಗಿದು ಮೂರು ಗಂಟೆ ಮೇಲೆ ಕೇಳಿ.