ಕ್ಲಸ್ಟರ್ ಸಭೆಯಲ್ಲಿ ಶಿಕ್ಷಕರ ಸಿಟ್ಟು, ಹುರುಪು, ಬಡ್ತಿ: ಎರಡು ತಾಸಿನಲ್ಲಿ ಏನು ಮಾಡಬಹುದು?

ಸಿಆರ್‌ಪಿ, ಕುಷ್ಟಗಿ ತಾಲೂಕು:
ಎಲ್ಲರಿಗೂ ನಮಸ್ಕಾರ್ರಿ. ನಾನು ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ (ಕ್ಲಸ್ಟರ್) ಸಂಪನ್ಮೂಲ ವ್ಯಕ್ತಿ. ಮುಂದಿನ ತಿಂಗಳ ಸಮಾಲೋಚನಾ ಸಭೆಯಲ್ಲಿ ಭಾವನಾತ್ಮಕ ಬುದ್ಧಿವಂತಿಕೆಗೆ ಎರಡು ತಾಸು ಇಟ್ಟಿದ್ದೇವೆ. ಸುಮಾರು 30 ಶಿಕ್ಷಕರು, ಅರ್ಧಕ್ಕರ್ಧ ನಲಿ-ಕಲಿಯವರು (ಚಿಕ್ಕ ತರಗತಿಗಳಿಗೆ ಚಟುವಟಿಕೆ ಮೂಲಕ ಕಲಿಸುವವರು). ಸ್ಲೈಡ್ ಹಾಕಿ "ನಗುನಗ್ತಾ ಪಾಠ ಮಾಡಿ" ಅಂತ ಹೇಳಿ ಕಳಿಸೋದು ಬೇಡ. ಗುಳೆ ಹೋಗಿ ಬಂದ ಮಕ್ಕಳು ಜೂನ್‌ನಲ್ಲಿ ಅಕ್ಷರ ಮರೆತಿರುತ್ತಾರೆ, ಹತ್ತಿ ಬಿಡಿಸುವ ಕಾಲಕ್ಕೆ ಬೆಂಚು ಖಾಲಿ, ನಡುವೆ ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆ), ಬಿಸಿಯೂಟದ ಲೆಕ್ಕ. ಮರುದಿನವೇ ತರಗತಿಯಲ್ಲಿ ಬಳಸುವಂಥದ್ದು ಏನು ಕೊಡಬಹುದು? ಅಂಕ ಹಾಕಿಕೊಳ್ಳುವ ಪ್ರಶ್ನಾವಳಿ ತುಂಬಿಸಿದರೆ ಉಪಯೋಗ ಐತೇನ್ರಿ?

ಶಿಕ್ಷಕರ ತರಬೇತುದಾರರು, ರಾಯಚೂರು:
ಪ್ರಶ್ನಾವಳಿ ಬಿಡಿ ಸರ್. "ನಾನು ಸಿಟ್ಟನ್ನು ಚೆನ್ನಾಗಿ ನಿಭಾಯಿಸುತ್ತೇನೆ" ಎಂಬುದಕ್ಕೆ ಮೇಲಧಿಕಾರಿ ಎದುರು ಯಾರೂ 5ಕ್ಕೆ 2 ಹಾಕುವುದಿಲ್ಲ. ಆ ಅಂಕದಿಂದ ಶಿಕ್ಷಕರನ್ನು ಹೋಲಿಸಿದರೆ ಮುಂದಿನ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಮನೋವಿಜ್ಞಾನಿಗಳಾದ ಸಲೋವೆ ಮತ್ತು ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯ ಪರಿಕಲ್ಪನೆ ಮಂಡಿಸಿದಾಗ ಅದನ್ನು ಸಾಮರ್ಥ್ಯವೆಂದೇ ನೋಡಿದರು: ಭಾವನೆಯನ್ನು ಗುರುತಿಸುವುದು, ಅದರ ಕಾರಣ ತಿಳಿಯುವುದು, ನಿಭಾಯಿಸುವುದು. ನಮ್ಮ ತರಬೇತಿಗಳಲ್ಲಿ ಇದು "ಸಿಟ್ಟು ನುಂಗಿಕೊಳ್ಳಿ" ಎಂದು ಬದಲಾಗಿಬಿಟ್ಟಿದೆ. ನನಗೆ ಇದೇ ದೊಡ್ಡ ತಕರಾರು. ಭಾವನೆಯನ್ನು ಮುಖದಲ್ಲಿ ತೋರಿಸದೆ ಒಳಗೇ ಒತ್ತಿಟ್ಟರೆ ದೇಹದ ಒತ್ತಡ ಏರುತ್ತದೆ, ಆ ಹೊತ್ತಿನಲ್ಲಿ ನಡೆದದ್ದೂ ಸರಿಯಾಗಿ ನೆನಪಿನಲ್ಲಿ ಉಳಿಯುವುದಿಲ್ಲ ಎಂದು ಮನೋವಿಜ್ಞಾನಿ ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳು ತೋರಿಸಿವೆ. ಯಾವ ಮಗು ಎಲ್ಲಿ ತಪ್ಪಿತು ಎಂದು ನೆನಪಿಡಬೇಕಾದವರಿಗೆ ಇದು ನೇರ ನಷ್ಟ. ಮೊದಲೇ ಸನ್ನಿವೇಶ ಬದಲಿಸುವುದು, ಅದನ್ನು ಬೇರೆ ಅರ್ಥದಲ್ಲಿ ನೋಡುವುದು ಇದಕ್ಕಿಂತ ಕಡಿಮೆ ದಣಿಸುತ್ತದೆ.

ಸಭೆಯಲ್ಲಿ ಹೀಗೆ ಮಾಡಿ. ಪ್ರತಿಯೊಬ್ಬರೂ ಕಳೆದ ವಾರ ಸಿಟ್ಟು ಬಂದ ಮೂರು ಸಂದರ್ಭ ಬರೆಯಲಿ: ಯಾವ ಅವಧಿ, ಅದಕ್ಕೆ ಐದು ನಿಮಿಷ ಮುಂಚೆ ಏನು ನಡೆದಿತ್ತು, ಮೈಯಲ್ಲಿ ಎಲ್ಲಿ ಗೊತ್ತಾಯಿತು. ಹೆಸರು ಬೇಡ. ಚೀಟಿಗಳನ್ನು ಅವಧಿವಾರು ಗೋಡೆಗೆ ಅಂಟಿಸಿ. ಊಟದ ನಂತರದ ಅವಧಿಯಲ್ಲಿ, ಮಾಹಿತಿ ತುಂಬುವ ದಿನಗಳಲ್ಲಿ ಚೀಟಿ ಗುಂಪಾಗಿದ್ದರೆ ಅದು ಶಿಕ್ಷಕರ ಸ್ವಭಾವದ ದೋಷವಲ್ಲ, ವೇಳಾಪಟ್ಟಿಯ ದೋಷ. ಊಟದ ನಂತರ ಬಾಯಿಲೆಕ್ಕ, ಗುಂಪು ಚಟುವಟಿಕೆ ಇಟ್ಟು, ಬರೆಸುವುದನ್ನು ಬೆಳಿಗ್ಗೆಗೆ ಸರಿಸಿ.

ಉಳಿದ ಒಂದು ತಾಸು ವಾಕ್ಯ ತಿದ್ದುವ ಅಭ್ಯಾಸಕ್ಕೆ. "ಇವನು ಬೇಕಂತಲೇ ಓದಲ್ಲ" ಎಂಬುದರ ಜಾಗದಲ್ಲಿ "ನಾಲ್ಕು ತಿಂಗಳು ಬೆಂಗಳೂರಿನ ಕಟ್ಟಡದ ಕೆಲಸದ ಕಡೆ ಇದ್ದ, ಒತ್ತಕ್ಷರದಲ್ಲಿ ನಿಂತಿದ್ದಾನೆ". ಎರಡನೆಯ ವಾಕ್ಯ ಹೇಳಿಕೊಂಡವರಿಗೆ ಮುಂದೇನು ಮಾಡಬೇಕೆಂದು ತಾನಾಗೇ ತಿಳಿಯುತ್ತದೆ. ಕೈ ಎತ್ತುವಷ್ಟು ಸಿಟ್ಟು ಬಂದಾಗ ಮಾತ್ರ ಉಸಿರಿನ ಉಪಾಯ: ಬೋರ್ಡಿನ ಕಡೆ ತಿರುಗಿ, ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ, ಒಂದು ನಿಮಿಷ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹೀಯಾಳಿಸುವ ಮಾತೂ ಅದರಲ್ಲಿ ಬರುತ್ತದೆ.

ಮುಖ್ಯಗುರು, ಸಿರುಗುಪ್ಪ:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹುರುಪು ಇಳಿಯೋದು ಬರೀ ಕೆಲಸ ಜಾಸ್ತಿ ಆಗಿ ಅಲ್ಲ. ಮಾಡಿದ್ದರ ಫಲ ಕಣ್ಣಿಗೆ ಕಾಣದೇ ಇದ್ದಾಗ. ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್ ಹೇಳುವ ಮೂರು ಅಗತ್ಯಗಳು ಶಾಲೆಗೆ ಚಲೋ ಹೊಂದುತ್ತವೆ: ಸ್ವಂತ ಆಯ್ಕೆ, "ನನ್ನಿಂದ ಆಗುತ್ತೆ" ಎಂಬ ಅನುಭವ, ಜೊತೆಗಾರರ ಒಡನಾಟ. ಗುಳೆಯಿಂದ ಬಂದ ಐದು ಮಕ್ಕಳನ್ನು ಆರಿಸಿಕೊಂಡು ಮೊದಲ ದಿನವೇ ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದ ಎಣಿಸಿ ಬರೆದಿಡಲಿ. ಪ್ರತಿ ಎರಡು ವಾರಕ್ಕೆ ಅಷ್ಟೇ ಕಷ್ಟದ ಹೊಸ ಪಠ್ಯ ಕೊಟ್ಟು ಮತ್ತೆ ಎಣಿಸಲಿ. ಅದೇ ಪಠ್ಯ ಕೊಟ್ಟರೆ ಮಗು ಬಾಯಿಪಾಠ ಒಪ್ಪಿಸುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಈ ಹಾಳೆ ಶಿಕ್ಷಕರ ಹತ್ತಿರವೇ ಇರಲಿ. ಕಚೇರಿಗೆ ತರಿಸಿಕೊಂಡರೆ ಅದೂ ಇನ್ನೊಂದು ನಮೂನೆ ಆಗುತ್ತೆ.

ಸಿಆರ್‌ಪಿ, ಕುಷ್ಟಗಿ ತಾಲೂಕು:
ಚೀಟಿ ಚಟುವಟಿಕೆ ಖಂಡಿತ ಮಾಡ್ತೀನ್ರಿ. ಬಡ್ತಿ ವಿಷಯ? ಹತ್ತು-ಹದಿನೈದು ವರ್ಷ ಸೇವೆ ಆದವರ ಬೇಸರ ಬಹುಪಾಲು ಅಲ್ಲೇ ಇದೆ.

ಪ್ರೌಢಶಾಲಾ ಸಹಶಿಕ್ಷಕಿ, ಬಳ್ಳಾರಿ:
ಅದಕ್ಕೆ ಸಭೆಯ ಕೊನೆಗೆ ಇಪ್ಪತ್ತು ನಿಮಿಷ ಇಡಿ, ಎಲ್ಲರೂ ಸೇವಾ ಪುಸ್ತಕದ ಪ್ರತಿ ತರಲಿ. ನಮ್ಮ ಭಾಗದಲ್ಲಿ ಸಂವಿಧಾನದ 371ಜೆ ವಿಧಿ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ) ಅಡಿಯ 2013ರ ಮೀಸಲಾತಿ ಆದೇಶ ನೇಮಕಾತಿಗೆ ಮಾತ್ರವಲ್ಲ, ಬಡ್ತಿಗೂ ಅನ್ವಯಿಸುತ್ತದೆ. ಸ್ಥಳೀಯ ವ್ಯಕ್ತಿ ಎಂಬ ನಮೂದು, ನಂತರ ಪಡೆದ ಪದವಿ, ಬಿ.ಎಡ್. ಎಲ್ಲ ದಾಖಲಾಗಿದೆಯೇ ನೋಡಿಕೊಳ್ಳಲಿ. ಸೇವೆಯಲ್ಲಿದ್ದು ಓದುವವರು ಪ್ರವೇಶಕ್ಕೆ ಮುಂಚೆಯೇ ಇಲಾಖೆಯ ಅನುಮತಿ ಪಡೆಯಬೇಕು. ಓದು ಮುಗಿದ ಮೇಲೆ ಕೇಳಿದರೆ ಆ ಪದವಿ ಸೇರಿಸುವುದೇ ತಕರಾರಾಗುತ್ತದೆ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಬಂದಾಗ ಆಕ್ಷೇಪಣೆಯನ್ನು ಅವಧಿಯೊಳಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಲಿ. ಬಾಯಿಮಾತಲ್ಲಿ ಹೇಳಿದ್ದು ದಾಖಲೆಗೆ ಬರುವುದಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ಹೇಳಿದೆ. ದೀಕ್ಷಾದಲ್ಲಿ (ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ) ವಿಡಿಯೋ ಓಡಲು ಬಿಟ್ಟು ಪ್ರಮಾಣಪತ್ರ ಪಡೆಯುವುದಕ್ಕೆ ಆ ಗಂಟೆ ಕಳೆಯಬೇಡಿ. ಮುಖ್ಯಗುರುಗಳು ಹೇಳಿದ ಐದು ಮಕ್ಕಳ ಹಾಳೆಯನ್ನೇ ವರ್ಷವಿಡೀ ಇಟ್ಟು, ಯಾವ ವಿಧಾನ ಬದಲಿಸಿದಾಗ ಏನಾಯಿತು ಎಂದು ಎರಡು ಪುಟ ಬರೆದರೆ ಅದೇ ಕ್ರಿಯಾ ಸಂಶೋಧನೆ. ಬೇಕೆನಿಸಿದವರು ಅದನ್ನು ತಾವಾಗಿಯೇ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕಳಿಸಬಹುದು. ಮಕ್ಕಳ ಹೆಸರು ಮಾತ್ರ ತೆಗೆದಿರಲಿ.