ಸಹಾಯ ಬೇಕು: ಮುಂಬೈ ಮಳೆಗೆ ಚುಕ್ಕಿ ರಂಗೋಲಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಕನ್ನಡ ಬಳಗದ ವೆಬ್‌ಸೈಟಿಗೆ ಮುಂಬೈ ಮಳೆಯ ಚಿತ್ರ ಮಾಡುತ್ತಿದ್ದೇನೆ. ಸುಮ್ನೆ ಕಂಬಗಳ ಗ್ರಾಫ್ ಬೇಡ, ಚುಕ್ಕಿ ರಂಗೋಲಿ ತರಹ ಇರಲಿ ಅಂತ ಆಸೆ. ದಿನಕ್ಕೊಂದು ಚುಕ್ಕಿ, ಮಳೆ ಜಾಸ್ತಿಯಾದಷ್ಟೂ ದೊಡ್ಡದು. ವೆಬ್ ಪುಟದಲ್ಲಿ ಇಂಥ ಚಿತ್ರ ಬರೆಯುವ ಜಾವಾಸ್ಕ್ರಿಪ್ಟ್ ಲೈಬ್ರರಿ ಡಿ3 ಬಳಸುತ್ತಿದ್ದೇನೆ.

ತೊಡಕಿರುವುದು 2005ರ ಜುಲೈ 26ರಲ್ಲಿ. ಅವತ್ತು ಮುಂಬೈನಲ್ಲೇ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಕೊಲಾಬಾದಲ್ಲಿ ಬರೀ 73 ಚಿಲ್ಲರೆ! ತ್ರಿಜ್ಯವನ್ನೇ ಮಳೆಯಷ್ಟು ಹಿಗ್ಗಿಸಿದರೆ ಹತ್ತಿರ ಹತ್ತಿರ 13 ಪಟ್ಟು ಮಳೆ ಕಣ್ಣಿಗೆ ಸುಮಾರು 165 ಪಟ್ಟು ಕಾಣುತ್ತದೆ. ಅದು ಸುಳ್ಳು ಚಿತ್ರ. ಅದಕ್ಕೇ ಚುಕ್ಕಿಯ ವಿಸ್ತೀರ್ಣ ಮಳೆಗೆ ತಕ್ಕಂತೆ ಇರಲಿ ಅಂತ ವರ್ಗಮೂಲದ ಸ್ಕೇಲ್ ಹಾಕಿದೆ. ಲೆಕ್ಕ ಸರಿ, ಆದರೂ ಆ ಒಂದು ಚುಕ್ಕಿ ಅಕ್ಕಪಕ್ಕದ ದಿನಗಳನ್ನೆಲ್ಲ ಮುಚ್ಚಿಬಿಡುತ್ತದೆ. ದೊಡ್ಡ ಅಂಕಿಗಳನ್ನು ಕುಗ್ಗಿಸುವ ಲಾಗ್ ಸ್ಕೇಲ್ ಹಾಕಿದರೆ ಆ ದಿನದ ಭೀಕರತೆಯೇ ಹೋಗುತ್ತದೆ, ನನಗಂತೂ ಒಪ್ಪಿಗೆಯಿಲ್ಲ.

ಆ ದೊಡ್ಡ ಚುಕ್ಕಿಯನ್ನು ಸಾಲು ಮೀರಿ ಹರಡಲು ಬಿಡಲೇ, ಅಥವಾ ಎಲ್ಲ ಚುಕ್ಕಿಗಳ ಗಾತ್ರ ಒಂದೇ ಇಟ್ಟು ಮಳೆಯನ್ನು ಬಣ್ಣದಲ್ಲಿ ತೋರಿಸಲೇ? ವಿರಿಡಿಸ್ ಎಂಬ, ನೇರಳೆಯಿಂದ ಹಳದಿಗೆ ಹೋಗುವ ಸಿದ್ಧ ಬಣ್ಣಸಾಲಿನ ಬಣ್ಣಗಳು ಕೆಂಪು-ಹಸಿರು ಭೇದ ಕಾಣದವರಿಗೂ ತಿಳಿಯುತ್ತವೆ. ಆದರೆ ಆ ನೇರಳೆ-ಹಳದಿ ರಂಗೋಲಿಗೆ ಒಗ್ಗಲ್ಲ ಅಲ್ವಾ?

ಇನ್ನೊಂದು ವಿಷಯ. ಚುಕ್ಕಿಗಳೆಲ್ಲ ಎಸ್‌ವಿಜಿಯಲ್ಲಿವೆ, ಅಂದರೆ ಪ್ರತಿ ಚುಕ್ಕಿಯೂ ಪುಟದಲ್ಲಿ ಬೇರೆ ಬೇರೆ ವಸ್ತು; ಅದಕ್ಕೇ ಹಳೆ ಮೊಬೈಲ್‌ನಲ್ಲಿ ಪುಟ ತಡವರಿಸುತ್ತದೆ. ಎಲ್ಲವನ್ನೂ ಒಂದೇ ಚಿತ್ರವಾಗಿ ಬರೆಯುವ ಕ್ಯಾನ್ವಾಸ್‌ಗೆ ಬದಲಿಸಿದರೆ ಚುಕ್ಕಿ ಮುಟ್ಟಿದಾಗ ತಾರೀಕು ತೋರಿಸುವುದು ಹೇಗೆ? ಮಾಡಿದವರಿದ್ದರೆ ಕೋಡ್ ತುಣುಕು ಹಾಕಿ, ಪ್ಲೀಸ್.