ಟರ್ಬೊನಾ, ಬೇರೆ ಎಂಜಿನ್ನಾ: ನಮ್ಮ ಮನೆ ಗುಂಪಿನ ಜಗಳ

ಗಾಡಿ ಸುಮಕ್ಕ ಮತ್ತು ಹರ್ಷ ಇಬ್ಬರದೂ. 1.6 ಲೀಟರ್ ಪೆಟ್ರೋಲ್, ಕಂಪ್ರೆಷನ್ 10.5:1, ಅಂದರೆ ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಹತ್ತೂವರೆ ಪಟ್ಟು ಕಿರಿದಾಗಿ ಒತ್ತುತ್ತದೆ. ಓಡಿರುವುದು ಎರಡು ಲಕ್ಷ ಕಿಲೋಮೀಟರಿಗೆ ಹತ್ತಿರ. ಪಿಕಪ್ ಸತ್ತಿದೆ. ವಾರದ ದಿನಗಳಲ್ಲಿ ಅಕ್ಕ ಕೆಲಸಕ್ಕೆ ಒಯ್ಯುತ್ತಾಳೆ, ರಜೆಯಲ್ಲಿ ಹರ್ಷನ ಕೈಗೆ ಬರುತ್ತದೆ. ಅವನು ಗುಂಪಿಗೆ ಒಂದು ವಿಡಿಯೊ ಹಾಕಿದ, ಶುರುವಾಯಿತು. ಟರ್ಬೊ ಅಂದರೆ ಹೊರಹೋಗುವ ಹೊಗೆಯ ರಭಸದಿಂದ ಟರ್ಬೈನ್ ಚಕ್ರ ತಿರುಗಿಸಿ, ಅದರ ಜೊತೆಗಿನ ಕಂಪ್ರೆಸರಿನಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ. ಹಾಗೆ ಏರಿದ ಒತ್ತಡವೇ ಬೂಸ್ಟ್. ನಡುವೆ ಬಂದ ಗುಡ್ ಮಾರ್ನಿಂಗ್ ಚಿತ್ರಗಳನ್ನು ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಆವರಣದಲ್ಲಿರುವುದು ನನ್ನ ಮಾತು.

ಹರ್ಷ: ಎಲ್ಲರೂ ಪೂರ್ತಿ ನೋಡಿ. ನಮ್ಮಂಥದ್ದೇ ಗಾಡಿ. ಟರ್ಬೊ ಕಿಟ್ ಹಾಕಿ 0.5 ಬಾರ್ ಬೂಸ್ಟ್ ಕೊಟ್ಟಿದ್ದಾರೆ. ಎಂಜಿನ್ ಇಳಿಸಿಯೇ ಇಲ್ಲ!

ವಿನಯ್: ನೋಡಿದೆ. ಗಾಡಿ ಸ್ಟಾರ್ಟ್ ಆದ ಕೂಡಲೇ ವಿಡಿಯೊ ಮುಗಿಯುತ್ತದೆ. ಆರು ತಿಂಗಳಾದ ಮೇಲೆ ಏನಾಯಿತು ಅಂತ ಯಾರೂ ತೋರಿಸುವುದಿಲ್ಲ. ಸುಮ್ನೆ ದೊಡ್ಡ ಎಂಜಿನ್ ಕೂರಿಸು, 2 ಲೀಟರಿನದು. ಕೆಲಸ ಮುಗಿಯಿತು.

ಹರ್ಷ: ಲೆಕ್ಕ ನೋಡು ಅಣ್ಣ. ಹೊರಗಿನ ಗಾಳಿಯ ಒತ್ತಡ ಸುಮಾರು 1 ಬಾರ್. ಅದರ ಮೇಲೆ ಇನ್ನರ್ಧ ಬಾರ್. ಒಂದೂವರೆ ಪಟ್ಟು ಗಾಳಿ, ಒಂದೂವರೆ ಪಟ್ಟು ಪೆಟ್ರೋಲ್, ಒಂದೂವರೆ ಪಟ್ಟು ಪವರ್. ನಿನ್ನ 2 ಲೀಟರ್ ಎಂಜಿನ್ ಇದರ ಮುಂದೆ ಏನೂ ಅಲ್ಲ.

ಸುಮ: ಗಾಡಿ ನನ್ನದೂ ಹೌದು ಅನ್ನುವುದು ಯಾರಿಗಾದರೂ ನೆನಪಿದೆಯಾ?

ರೇಖಾ ಅತ್ತಿಗೆ: ಇಲ್ಲ ಸುಮ. ಇನ್ನೂ ಗಾಳಿಯ ಲೆಕ್ಕ ನಡೆಯುತ್ತಿದೆ.

ಚಿಕ್ಕಪ್ಪ: ಹರ್ಷ, ಲೆಕ್ಕದಲ್ಲಿ ಬಿಸಿ ಬಿಟ್ಟುಹೋಗಿದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. 30 ಡಿಗ್ರಿ ಗಾಳಿಗೆ ಅರ್ಧ ಬಾರ್ ಒತ್ತಡ ಹಾಕಿದರೆ 80 ಡಿಗ್ರಿ ದಾಟುತ್ತದೆ. ಕಂಪ್ರೆಸರ್ 70 ಪರ್ಸೆಂಟ್ ದಕ್ಷತೆಯದು ಅಂತ ಇಟ್ಟುಕೊಂಡು ಹೇಳುತ್ತಿದ್ದೇನೆ. ಬಿಸಿ ಗಾಳಿ ತೆಳು. ಸಿಲಿಂಡರಿಗೆ ನಿಜವಾಗಿ ಜಾಸ್ತಿ ಹೋಗುವುದು 27-28 ಪರ್ಸೆಂಟ್. ಇಂಟರ್‌ಕೂಲರ್ ಹಾಕಿ 45 ಡಿಗ್ರಿಗೆ ಇಳಿಸಿದರೆ 43ರ ಹತ್ತಿರ ಬರುತ್ತದೆ. ಹೊಗೆ ಹೋಗುವ ದಾರಿಗೆ ಟರ್ಬೈನ್ ಅಡ್ಡ ಕೂತಿರುತ್ತದೆ, ಅದಕ್ಕೆ ಇನ್ನಷ್ಟು ಕಳೆ.

ಹರ್ಷ: 43 ಬೇಡ ಚಿಕ್ಕಪ್ಪ, 35 ಸಿಕ್ಕರೂ ಸಾಕು!

(ಇದಕ್ಕೆ ವಿನಯಣ್ಣನ ಹತ್ತಿರ ಉತ್ತರ ಇರಲಿಲ್ಲ. 35 ಪರ್ಸೆಂಟ್ ಕಡಿಮೆಯೇನಲ್ಲ.)

ಚಿಕ್ಕಪ್ಪ: ಸಾಕು, ಸರಿ. ಅಷ್ಟು ಗಾಳಿಗೆ ಪೆಟ್ರೋಲ್ ಕೊಡುವವರು ಯಾರು? ನಮ್ಮ ಗಾಡಿಯಲ್ಲಿ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 1 ಬಾರಿನದು. ಅದರ ಮೇಲೆ ಎಷ್ಟೇ ಬೂಸ್ಟ್ ಬಂದರೂ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು ಕಣ್ಣಿಗೆ ಅದೇ 1 ಬಾರ್. ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ, ಗಾಳಿ ಜಾಸ್ತಿ ಇಂಧನ ಕಡಿಮೆ ಆಗುತ್ತದೆ. ಸಾಮಾನ್ಯ ಓಟಕ್ಕೆ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸರಿ. ಬೂಸ್ಟಿನಲ್ಲಿ 12ರ ಆಸುಪಾಸಿಗೆ ಇಳಿಸಬೇಕು, ಇಲ್ಲದಿದ್ದರೆ ಒಳಗೆ ತಡೆಯಲಾರದಷ್ಟು ಬಿಸಿ. ಅಂದರೆ ಬೇರೆ ಸೆನ್ಸರ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ದೊಡ್ಡದು, ಬಹುಶಃ ಬೇರೆ ಪಂಪ್, ಇಸಿಯು ಟ್ಯೂನಿಂಗ್. ಕ್ಲಚ್ ಕೂಡ ಹಳೆಯದು. ಟಾರ್ಕ್ ಏರಿದ ದಿನವೇ ಜಾರಲು ಶುರು ಮಾಡುತ್ತದೆ.

ವಿನಯ್: ಕಿಟ್ ಅಂದರೆ ಪೆಟ್ಟಿಗೆಯಲ್ಲಿ ಬರುವುದು ಅರ್ಧ, ನಾವು ಹುಡುಕಬೇಕಾದ್ದು ಇನ್ನರ್ಧ. ಹೇಳಿದೆನಲ್ಲ.

ಹರ್ಷ: ನೀನು ಅದನ್ನು ಹೇಳಲೇ ಇಲ್ಲ.

ಚಿಕ್ಕಪ್ಪ: ಇನ್ನೂ ಮುಖ್ಯವಾದದ್ದು ಕಂಪ್ರೆಷನ್. 10.5:1 ಇರುವ ಎಂಜಿನ್ ಮೊದಲೇ ಗಾಳಿಯನ್ನು ಬಿಗಿಯಾಗಿ ಒತ್ತುತ್ತದೆ. ಅದಕ್ಕೆ ಒತ್ತಿದ ಗಾಳಿಯನ್ನೇ ಕೊಟ್ಟರೆ ಪೆಟ್ರೋಲ್ ತನ್ನ ಸಮಯಕ್ಕೆ ಉರಿಯುವುದಿಲ್ಲ, ಸಿಡಿಯುತ್ತದೆ. ಅದೇ ನಾಕಿಂಗ್. ಕೆಲವೊಮ್ಮೆ ಕಿವಿಗೆ ಕೇಳಿಸುವುದೂ ಇಲ್ಲ. ಪ್ಲಗ್ ಬಿಚ್ಚಿದರೆ ಬಿಳಿ ಪಿಂಗಾಣಿ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಬೆಳಕಿಗೆ ಹಿಡಿದು ತಿರುಗಿಸಿದರೆ ಒಂದೆರಡು ಮಿನುಗುತ್ತವೆ. ಮಿನುಗುವುದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಷ್ಟು ಹೊತ್ತಿಗೆ ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಕೂರುವ ಅಂಚು ಬಿರುಕು ಬಿಟ್ಟಿದ್ದರೂ ಆಶ್ಚರ್ಯವಿಲ್ಲ.

ಹರ್ಷ: ಈಗಿನ ಟರ್ಬೊ ಗಾಡಿಗಳು ಫ್ಯಾಕ್ಟರಿಯಿಂದಲೇ 10:1, 10.5:1ರಲ್ಲಿ ಬರುತ್ತವಲ್ಲ? ಅವು ಒಡೆಯುತ್ತವಾ?

ಚಿಕ್ಕಪ್ಪ: ಒಳ್ಳೇ ಪ್ರಶ್ನೆ. ಅವುಗಳಲ್ಲಿ ಹೆಚ್ಚಿನವು ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಸಿಂಪಡಿಸುತ್ತವೆ. ಅಲ್ಲಿ ಆವಿಯಾಗುವಾಗ ಒಳಗಿನ ಗಾಳಿ ತಂಪಾಗುತ್ತದೆ. ಪಿಸ್ಟನ್ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಣಿಸುವ ವ್ಯವಸ್ಥೆಯೂ ಸಾಮಾನ್ಯವಾಗಿ ಇರುತ್ತದೆ. ಆ ಎಂಜಿನ್ನನ್ನು ಟರ್ಬೊ ಇದೆ ಅಂತಲೇ ಅಳೆದು ತೂಗಿ ಮಾಡಿರುತ್ತಾರೆ. ನಮ್ಮದು ಸಿಲಿಂಡರಿಗೆ ಗಾಳಿ ಬರುವ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಪೆಟ್ರೋಲ್ ಸಿಂಪಡಿಸುವ ಹಳೇ ಪದ್ಧತಿ. 0.3 ಬಾರ್ ಒಳಗೆ, ಒಳ್ಳೇ ಟ್ಯೂನಿಂಗ್ ಮಾಡಿಸಿದರೆ ಗಟ್ಟಿ ಎಂಜಿನ್ ತಡೆಯುತ್ತದೆ. ಅದನ್ನು ಒಪ್ಪುತ್ತೇನೆ.

ಹರ್ಷ: ಕೇಳಿದಿರಾ ಎಲ್ಲರೂ? ಒಪ್ಪಿದರು!

ಸುಮ: "ಗಟ್ಟಿ ಎಂಜಿನ್" ಅಂದರು. ಅದನ್ನೂ ಓದು.

ಹರ್ಷ: ಅಕ್ಕ, 1962ರಲ್ಲೇ ಅಂಗಡಿಯಿಂದ ಕೊಳ್ಳಬಹುದಾದ ಟರ್ಬೊ ಕಾರು ಬಂದಿತ್ತು. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಇದೇನು ಹೊಸ ಹುಚ್ಚಲ್ಲ.

ಚಿಕ್ಕಪ್ಪ: ನೀನೇ ಹೆಸರು ತೆಗೆದೆ, ಪೂರ್ತಿ ಕೇಳು. ಅದರ ಕಂಪ್ರೆಷನ್ 10.25:1, ನಮ್ಮದರ ಹತ್ತಿರವೇ. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರಾವಣವನ್ನು ಎಂಜಿನ್ನಿಗೆ ಸಿಂಪಡಿಸುತ್ತಿದ್ದರು. ಅದಕ್ಕೆ ಬೇರೆ ಟ್ಯಾಂಕ್. ಮಾಲೀಕ ಆಗಾಗ ತುಂಬಿಸಬೇಕು. ಎಷ್ಟೋ ಜನ ತುಂಬಿಸಲೇ ಇಲ್ಲ. ಖಾಲಿಯಾದರೆ ಬೂಸ್ಟ್ ತಾನಾಗಿಯೇ ಕಟ್ಟಾಗುತ್ತಿತ್ತು, ಜನ ಗಾಡಿಯನ್ನೇ ಬೈದರು. ಕೊನೆಗೆ ಕಂಪನಿಯೇ ಬಹಳ ಗಾಡಿಗಳ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಟ್ಟಿತು. ದಿನಾ ಓಡಿಸುವ ಗಾಡಿಗೆ ದಿನಾ ನೋಡಿಕೊಳ್ಳಬೇಕಾದ ಸಾಮಾನು ಹಾಕಿದರೆ ಹೀಗೇ.

ವಿನಯ್: ಆ ಕಥೆಯ ಎರಡನೇ ಭಾಗ ನನ್ನ ಪರ! ಜೆಟ್‌ಫೈರ್ ಎಂಜಿನ್ನಿನ ಜೊತೆಯಲ್ಲೇ ಹುಟ್ಟಿದ್ದು ಬ್ಯೂಯಿಕ್‌ನ 3.5 ಲೀಟರ್ ಅಲ್ಯೂಮಿನಿಯಂ ವಿ8, ಎಂಟು ಸಿಲಿಂಡರಿನದು. 1965ರಲ್ಲಿ ಬ್ರಿಟನ್ನಿನ ರೋವರ್ ಕಂಪನಿ ಅದರ ಹಕ್ಕು ತೆಗೆದುಕೊಂಡಿತು. ಆಮೇಲೆ ಎಂಜಿಬಿ ಕಾರಿಗೆ ಅದನ್ನೇ ಕೂರಿಸಿದರು. 1973ರಲ್ಲಿ ಫ್ಯಾಕ್ಟರಿಯೇ ಎಂಜಿಬಿ ಜಿಟಿ ವಿ8 ಮಾಡಿತು. ಟರ್ಬೊ ಬಿಚ್ಚಿ ಬಿಸಾಕಿದರು, ಎಂಜಿನ್ ಬದಲಿ ಗೆದ್ದಿತು.

(ವಿನಯಣ್ಣ ಇದನ್ನು ಎಲ್ಲಿಂದ ಹುಡುಕಿ ತಂದನೋ ಗೊತ್ತಿಲ್ಲ. ತಪ್ಪೇನಿಲ್ಲ ಅದರಲ್ಲಿ. ಆದರೆ ಚಿಕ್ಕಪ್ಪ ಕಾಯುತ್ತಿದ್ದುದೇ ಇದಕ್ಕೆ.)

ಚಿಕ್ಕಪ್ಪ: ಆ ವಿ8 ಹಗುರ ವಿನಯ್. ಎಂಜಿಬಿಯ ಬೀಡುಕಬ್ಬಿಣದ ನಾಲ್ಕು ಸಿಲಿಂಡರ್ ಎಂಜಿನ್ನಿಗಿಂತ ಭಾರ ಇರಲಿಲ್ಲ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಬಾನೆಟ್ ಕೆಳಗೆ ಜಾಗ ಇತ್ತು, ಇಸಿಯು ಇರಲಿಲ್ಲ. ನೀನು ಹೇಳುತ್ತಿರುವ 2 ಲೀಟರ್ ಎಂಜಿನ್ ಯಾವ ಕಂಪನಿಯದು? ಬೇರೆ ಕಂಪನಿಯದು ಅಲ್ವಾ?

ವಿನಯ್: ಹೌದು. ಗಟ್ಟಿ ಅಂತ ಹೆಸರು ಮಾಡಿದ ಎಂಜಿನ್.

ಚಿಕ್ಕಪ್ಪ: ಗಟ್ಟಿಯೇ ಇರಲಿ. ಎಂಜಿನ್ ಕೂರುವ ಮೌಂಟ್ ಹೊಸದಾಗಿ ಮಾಡಿಸಬೇಕು. ನಮ್ಮ ಗೇರ್‌ಬಾಕ್ಸ್ ಅದಕ್ಕೆ ಕಚ್ಚುವುದಿಲ್ಲ, ಆ ಎಂಜಿನ್ನಿನ ಗೇರ್‌ಬಾಕ್ಸನ್ನೇ ತಂದರೆ ಆಕ್ಸಲ್ ಉದ್ದ ಹೊಂದುವುದಿಲ್ಲ. ಎಸಿ ಕಂಪ್ರೆಸರ್ ಬೇರೆ ಕಡೆ ಇರುತ್ತದೆ. ಇವೆಲ್ಲ ಕಬ್ಬಿಣದ ಕೆಲಸ, ಬೆಸುಗೆ ಗೊತ್ತಿದ್ದವನು ಮಾಡುತ್ತಾನೆ. ತಲೆನೋವು ವೈರಿಂಗ್. ಆ ಎಂಜಿನ್ನಿಗೆ ಅದರದೇ ಇಸಿಯು ಬೇಕು. ಆ ಇಸಿಯು ತನ್ನ ಕೀ ಬಿಟ್ಟು ಬೇರೆ ಕೀ ಒಪ್ಪುವುದಿಲ್ಲ. ನಮ್ಮ ಮೀಟರ್ ಬೋರ್ಡಿಗೂ ಅದಕ್ಕೂ ಮಾತುಕತೆ ಇಲ್ಲ. ಟೆಂಪರೇಚರ್ ಮುಳ್ಳು ಏಳುವುದಿಲ್ಲ, ಫ್ಯಾನ್ ಯಾವಾಗ ತಿರುಗಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಇಂಥ ಕೆಲಸ ನಿಲ್ಲುವುದು 90 ಪರ್ಸೆಂಟ್ ಆದ ಮೇಲೆ. ಗಾಡಿ ಓಡುತ್ತದೆ, ಆದರೆ ಎಂಜಿನ್ ಲೈಟ್ ಆರುವುದೇ ಇಲ್ಲ.

ರೇಖಾ ಅತ್ತಿಗೆ: ನಮ್ಮ ಮನೆಯಲ್ಲಿ ಬಿಚ್ಚಿಟ್ಟ ಮಿಕ್ಸಿ ಇನ್ನೂ ಹಾಗೇ ಇದೆ. ಹೇಳಿದವರಿಗೆ ಅರ್ಥವಾಗುತ್ತದೆ.

ವಿನಯ್: ಈ ಗುಂಪಿನಲ್ಲಿ ಮಿಕ್ಸಿ ವಿಷಯ ಬೇಡ.

ಸುಮ: ಒಂದೇ ಪ್ರಶ್ನೆ, ಇಬ್ಬರೂ ಉತ್ತರ ಹೇಳಿ. ಗಾಡಿ ಎಷ್ಟು ದಿನ ನಿಲ್ಲುತ್ತದೆ?

ಹರ್ಷ: ವಿಡಿಯೊದಲ್ಲಿ ಒಂದು ವಾರಾಂತ್ಯ.

ವಿನಯ್: ಸಾಮಾನು ಎಲ್ಲ ಸಿಕ್ಕಿದ್ದರೆ ಬೇಗ ಆಗುತ್ತದೆ.

ಸುಮ: "ಸಿಕ್ಕಿದ್ದರೆ". ಸರಿ. ನಾನು ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಬೇಕು. ಏರಿನಲ್ಲಿ ಎಸಿ ಹಾಕಿದಾಗ ಲಾರಿ ದಾಟಬೇಕು. ನನಗೆ ಬೇಕಾದ್ದು ಅಷ್ಟೇ. ಇದಕ್ಕೆ ಟರ್ಬೊ ಬೇಕಾ?

ಹರ್ಷ: ಏರಿಗೆ ಟರ್ಬೊನೇ ಸರಿ ಅಕ್ಕ. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಹೋದರೆ ಗಾಳಿ ಸುಮಾರು 10 ಪರ್ಸೆಂಟ್ ತೆಳುವಾಗುತ್ತದೆ. ಮಾಮೂಲಿ ಎಂಜಿನ್ ಅಷ್ಟು ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ಅದನ್ನು ತುಂಬಿಕೊಡುತ್ತದೆ.

(ಇಡೀ ಜಗಳದಲ್ಲಿ ಟರ್ಬೊ ಪರವಾಗಿ ಬಂದ ಅತ್ಯಂತ ಗಟ್ಟಿ ಮಾತು ಇದು.)

ವಿನಯ್: ಅಕ್ಕ ಓಡಿಸುವುದು ಟ್ರಾಫಿಕ್‌ನಲ್ಲಿ, 1500ರಿಂದ 2500 ಆರ್‌ಪಿಎಂ ಒಳಗೆ. ಟರ್ಬೊ ದೊಡ್ಡದಾದರೆ ಅಷ್ಟರಲ್ಲಿ ಎಚ್ಚರವೇ ಆಗಿರುವುದಿಲ್ಲ. ಲೀಟರ್ ಜಾಸ್ತಿ ಇದ್ದರೆ ಕ್ಲಚ್ ಬಿಟ್ಟ ಕೂಡಲೇ ಎಳೆತ ಸಿಗುತ್ತದೆ.

ಹರ್ಷ: ಚಿಕ್ಕ ಟರ್ಬೊ ಹಾಕಿದರೆ ಬೇಗ ಎದ್ದೇಳುತ್ತದೆ. ನಾನು ರೇಸಿಗೆ ಹೋಗುತ್ತಿಲ್ಲ.

ಅಮ್ಮ: ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹಿಂದೆ ನೀಲಿ ಹೊಗೆ ಬರುತ್ತದೆ. ಆಯಿಲ್ ಕ್ಯಾನ್ ಖಾಲಿಯಾಗಿ ಎಷ್ಟು ದಿನ ಆಯಿತು? ಅದನ್ನು ಯಾರೂ ಹೇಳುತ್ತಿಲ್ಲವಲ್ಲ.

(ಇಷ್ಟು ಹೊತ್ತು ಗುಂಪಿನಲ್ಲಿ ಯಾರೂ ಎತ್ತದ ವಿಷಯ. ಹರ್ಷ ಒಂದು ಮೆಸೇಜ್ ಹಾಕಿ ಅಳಿಸಿದ.)

ಚಿಕ್ಕಪ್ಪ: ಅತ್ತಿಗೆ ಹೇಳಿದ್ದೇ ಸರಿ. ಎರಡು ಸರ್ವಿಸ್ ನಡುವೆ ಆಯಿಲ್ ಸುರಿಯಬೇಕಾಗಿ ಬರುತ್ತಿದೆಯಾ ಸುಮ?

ಸುಮ: ಹೌದು ಚಿಕ್ಕಪ್ಪ. ಹರ್ಷ ಪ್ರತಿ ಸಲ "ಹಳೇ ಗಾಡಿ, ಇದೆಲ್ಲ ಮಾಮೂಲಿ" ಅನ್ನುತ್ತಾನೆ.

ಚಿಕ್ಕಪ್ಪ: ಹಾಗಿದ್ದರೆ ಟರ್ಬೊ ಮಾತು ಈಗ ಬೇಡ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಸಾಮಾನ್ಯವಾಗಿ ಅದು ತಿರುಗುವುದು ತೆಳು ಆಯಿಲ್ ಪದರದ ಮೇಲೆ. ಆಯಿಲ್ ಕುಡಿಯುವ ಎಂಜಿನ್ನಿನಲ್ಲಿ ಮಟ್ಟ ಇಳಿದರೆ ಮೊದಲು ಹೋಗುವುದು ಅದೇ. ಇನ್ನೊಂದು ವಿಷಯ, ಇದನ್ನು ಕಿಟ್ ಮಾರುವವರು ಹೇಳುವುದಿಲ್ಲ. ಟರ್ಬೊದಿಂದ ಆಯಿಲ್ ಚೇಂಬರಿಗೆ ಆಯಿಲ್ ವಾಪಸ್ ಬರುವುದು ತನ್ನ ಭಾರದಿಂದಲೇ, ಅದನ್ನು ತಳ್ಳಲು ಪಂಪ್ ಇರುವುದಿಲ್ಲ. ರಿಂಗ್ ಸವೆದಿದ್ದರೆ ಬೂಸ್ಟಿನ ಗಾಳಿ ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗಿ ಚೇಂಬರಿನಲ್ಲಿ ಒತ್ತಡ ಕಟ್ಟುತ್ತದೆ. ವಾಪಸ್ ಬರಬೇಕಾದ ಆಯಿಲ್ ಬರಲಾರದೆ ಟರ್ಬೊ ಸೀಲ್ ದಾಟಿ ಹೊರಗೆ ಬರುತ್ತದೆ. ಇನ್ನೂ ಹೊಗೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ ಆಗುತ್ತದೆ. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಗೊತ್ತಾಗುತ್ತದೆ. ಶನಿವಾರ ನಾನೇ ಗೇಜ್ ತರುತ್ತೇನೆ. ನಾಲ್ಕೂ ಸಿಲಿಂಡರ್ ಸಮ ಇದ್ದರೆ, ಮೇಲಿನಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹಾಕಿಸಿ ಸುಮ್ಮನಿರೋಣ.

ಹರ್ಷ: ಸಮ ಇದ್ದರೆ 0.3 ಬಾರ್ ಟರ್ಬೊ?

ಸುಮ: ಶನಿವಾರ ನೋಡೋಣ.

(ಶನಿವಾರ.)

ಹರ್ಷ: 13.0, 12.8, 9.4, 12.9 ಬಾರ್. ಮೂರನೆಯದು ಬಿದ್ದಿದೆ.

ಚಿಕ್ಕಪ್ಪ: ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದೆವು. 12.2ಕ್ಕೆ ಏರಿತು. ವಾಲ್ವ್ ಸೋರುತ್ತಿದ್ದರೆ ಏರುತ್ತಿರಲಿಲ್ಲ. ಆಯಿಲ್ ಸಂದಿ ಮುಚ್ಚಿತು ಅಂದರೆ ರಿಂಗ್ ಅಥವಾ ಸಿಲಿಂಡರಿನ ಒಳಗೋಡೆ, ಅಂದರೆ ಬೋರ್, ಸವೆದಿದೆ. ಎಂಜಿನ್ ಇಳಿಸಲೇಬೇಕು.

ವಿನಯ್: ಇಳಿಸುವುದೇ ಆದರೆ...

ಚಿಕ್ಕಪ್ಪ: ಇಳಿಸುವುದೇ ಆದರೆ ಇದೇ ಮಾಡೆಲ್ಲಿನ ಎಂಜಿನ್. ಇದರ ಮೇಲಿನ ವೇರಿಯಂಟಿನಲ್ಲಿ ಇದೇ ವಂಶದ 2 ಲೀಟರ್ ಬರುತ್ತಿತ್ತು. ಮೌಂಟ್ ಅದೇ, ಬ್ರೇಕ್ ಸ್ವಲ್ಪ ದೊಡ್ಡದು. ಎಂಜಿನ್, ಇಸಿಯು, ಕೀ, ಗೇರ್‌ಬಾಕ್ಸ್, ಮುಂದಿನ ಬ್ರೇಕ್ ಎಲ್ಲ ಒಂದೇ ಗಾಡಿಯಿಂದ ಸಿಕ್ಕರೆ ಮಾತ್ರ ಅದು. ಅದರಲ್ಲಿ ಒಂದು ಸಿಗದಿದ್ದರೂ ಬೇಡ, 1.6 ಹಾಕಿ. ಕೊಳ್ಳುವ ಮೊದಲು ಅದರದ್ದೂ ಕಂಪ್ರೆಷನ್ ನೋಡಬೇಕು, ಪ್ಲಗ್ ಬಿಚ್ಚಿ ನೋಡಬೇಕು. ಎಂಜಿನ್ ನಂಬರ್ ಬದಲಾಗುತ್ತದೆ, ಗಾಡಿಯ ಕಾಗದದಲ್ಲಿ ಹಾಕಿಸಿ, ವಿಮೆಯವರಿಗೂ ತಿಳಿಸಿ.

ಸುಮ: 2 ಲೀಟರಿಗೆ ಎಲ್ಲ ಒಟ್ಟಿಗೆ ಸಿಕ್ಕರೆ ಸಿಗಲಿ. ನಾನು ಅದಕ್ಕಾಗಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಹುಡುಕಲು ವಿನಯಣ್ಣನಿಗೆ ಎರಡು ವಾರ, ಆಮೇಲೆ 1.6.

(ನನ್ನ ಓಟು ಅಕ್ಕನಿಗೆ. ಗಡುವು ಹಾಕದಿದ್ದರೆ ವಿನಯಣ್ಣ ಹುಡುಕುತ್ತಲೇ ಇರುತ್ತಾನೆ.)

ವಿನಯ್: ಎರಡು ವಾರ ಸಾಕು. ಎಂಜಿನ್ ಹೊರಗಿರುವಾಗ ಕ್ಲಚ್ ಪ್ಲೇಟ್, ಹಿಂದಿನ ಕ್ರ್ಯಾಂಕ್ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಎಲ್ಲ ಹೊಸದು ಹಾಕಿಬಿಡೋಣ. ಮತ್ತೆ ಅಲ್ಲಿಗೆ ಕೈ ಹೋಗಬೇಕಾದರೆ ಇಷ್ಟೂ ಕೆಲಸ ಪುನಃ ಮಾಡಬೇಕು.

ಸುಮ: ಮುಗಿಯುವವರೆಗೆ ನಾನು ನಿನ್ನ ಗಾಡಿ ಒಯ್ಯುತ್ತೇನೆ ಅಣ್ಣ.

ರೇಖಾ ಅತ್ತಿಗೆ: ಧಾರಾಳವಾಗಿ ಒಯ್ಯಿ. ಇವರು ಆಗ ಬೇಗ ಹುಡುಕುತ್ತಾರೆ.

ಹರ್ಷ: ಹಳೇ ಎಂಜಿನ್ ಬಿಸಾಕಬೇಡಿ. ನಾನು ಬಿಚ್ಚುತ್ತೇನೆ.

ಚಿಕ್ಕಪ್ಪ: ಬಿಚ್ಚು. ಮೊದಲು ಮೂರನೇ ಪಿಸ್ಟನ್ ಹೊರಗೆ ತೆಗೆದು ರಿಂಗನ್ನು ಬೋರಿನಲ್ಲಿ ಕೂರಿಸಿ ತುದಿಗಳ ಸಂದಿ ಅಳೆ. ಫೀಲರ್ ಗೇಜ್ ನನ್ನ ಹತ್ತಿರ ಇದೆ.

ಸುಮ: ಗ್ಯಾರೇಜಿನಲ್ಲಿ ಬಿಚ್ಚು, ಮನೆಯೊಳಗೆ ತರಬೇಡ.